ತುಂಬಿದ ಮನೆಯ ಹಸುಗೂಸು: ಸೀಕಾಕಸ್‌ನಲ್ಲಿ ಬಾಣಂತನ

ನ್ಯೂಜೆರ್ಸಿಯ ಹಡ್ಸನ್ ಕೌಂಟಿಯ ಜೌಗುನೆಲದ ನಡುವೆ ಇರುವ ಸೀಕಾಕಸ್, ಸುಮಾರು 22,000 ಜನವಸತಿಯ ಸಣ್ಣ ಪಟ್ಟಣ. ಒಂದು ಕಾಲಕ್ಕೆ ಹಂದಿಸಾಕಣೆಗೆ ಹೆಸರಾಗಿದ್ದ ಊರು. 2003ರಲ್ಲಿ ಇಲ್ಲಿ ದೊಡ್ಡ ರೈಲುನಿಲ್ದಾಣವಾದ ಮೇಲೆ ಮ್ಯಾನ್‌ಹ್ಯಾಟನ್ ಹತ್ತು ಹನ್ನೆರಡು ನಿಮಿಷಗಳ ದಾರಿಯಾಯಿತು. ನ್ಯೂಯಾರ್ಕಿನಲ್ಲಿ ದುಡಿಯುವ ನಮ್ಮವರು ಇಲ್ಲಿ ಮನೆ ಹಿಡಿಯಲು ಅದೂ ಒಂದು ಕಾರಣ. ಗಂಡಹೆಂಡಿರಿಬ್ಬರೇ ಇದ್ದ ಅಂಥ ಮನೆಯೊಂದು ಹೆರಿಗೆಯ ಹೊತ್ತಿಗೆ ತಾಯಿ, ತಂದೆ, ಅತ್ತೆ, ಮಾವ, ಒಬ್ಬ ಮೈದುನ, ಮೊದಲನೆಯ ಮಗು ಎಂದು ಏಳೆಂಟು ಜನರ ಮನೆಯಾಗುತ್ತದೆ. ಕುಟುಂಬವೈದ್ಯ ವೃತ್ತಿಯಲ್ಲಿರುವ ನಾನು ಅಜ್ಜನ ಸಕ್ಕರೆ ಕಾಯಿಲೆಯನ್ನೂ ಮೊಮ್ಮಗುವಿನ ತೂಕವನ್ನೂ ಒಂದೇ ದಿನ ನೋಡುವುದುಂಟು. ಆದ್ದರಿಂದ ಈ ಮನೆಗಳ ಒಳನಡೆ ನನಗೆ ಒಂದಿಷ್ಟು ಪರಿಚಿತ.

ಧಾರವಾಡ ಜಿಲ್ಲೆಯ ಲೋಕೂರಿನ ನರಸಿಂಗನವರ ಕುಟುಂಬ ನೂರಕ್ಕೂ ಹೆಚ್ಚು ಜನರ ಅವಿಭಕ್ತ ಕುಟುಂಬವೆಂದು ಹೆಸರಾದದ್ದು. ಅಂಥ ಮನೆಯಲ್ಲಿ ಮಗುವಿಗೆ ನೀರೆರೆಯುವವರು ಯಾರು, ಬಾಣಂತಿಗೆ ಊಟ ಬಡಿಸುವವರು ಯಾರು ಎಂಬುದು ಮಗು ಹುಟ್ಟುವ ಮೊದಲೇ ನಿಶ್ಚಿತವಾಗಿರುತ್ತದೆ. ಸೀಕಾಕಸ್‌ನ ಕೂಡುಕುಟುಂಬವಾದರೋ ತಾತ್ಕಾಲಿಕವಾದದ್ದು. ಸಂದರ್ಶಕರ ವೀಸಾದಲ್ಲಿ ಬಂದವರಿಗೆ ಸಾಮಾನ್ಯವಾಗಿ ಆರು ತಿಂಗಳ ವಾಸಕ್ಕೆ ಅನುಮತಿ ದೊರೆಯುತ್ತದೆ. ಹೀಗಾಗಿ ಮೊದಲ ಆರು ತಿಂಗಳು ತಾಯಿಯ ಕಡೆಯವರು, ಮುಂದಿನ ಆರು ತಿಂಗಳು ತಂದೆಯ ಕಡೆಯವರು ಎಂಬ ಪಾಳಿ ಬೆಳೆದುಬಂದಿದೆ. ನಡುವೆ ಕೆಲವು ವಾರ ಇಬ್ಬರೂ ಒಟ್ಟಿಗಿರುತ್ತಾರೆ. ಧಾರವಾಡದ ಅಜ್ಜಿಯ ಅಂಟಿನುಂಡಿ ಒಂದು ಡಬ್ಬಿಯಲ್ಲಿ, ಕರಾವಳಿಯ ಅಜ್ಜಿಯ ಮೆಂತೆಗಂಜಿ ಒಲೆಯ ಮೇಲೆ. ಬಾಣಂತಿ ಎರಡನ್ನೂ ತಿನ್ನಬೇಕು!

ಈ ಏರ್ಪಾಡನ್ನು ನಾನು ಹಗುರವಾಗಿ ಕಾಣುವುದಿಲ್ಲ. ನ್ಯೂಜೆರ್ಸಿ 2009ರಲ್ಲಿ ಕುಟುಂಬ ರಜೆಯ ವಿಮೆಯನ್ನು ಆರಂಭಿಸಿ, 2020ರಲ್ಲಿ ಅದನ್ನು ಹನ್ನೆರಡು ವಾರಗಳಿಗೆ ಏರಿಸಿತು. ಭಾರತದಲ್ಲಿ 2017ರ ತಿದ್ದುಪಡಿಯ ಬಳಿಕ ಹೆರಿಗೆ ರಜೆ 26 ವಾರಗಳದ್ದು. ಈ ಕೊರತೆಯನ್ನು ಇಲ್ಲಿ ತುಂಬುವವರು ಅಜ್ಜಿಯರೇ. ಬಾಣಂತಿಗೆ ನಲವತ್ತು ದಿನ ವಿಶ್ರಾಂತಿ, ಬಿಸಿಯೂಟ, ರಾತ್ರಿ ಮಗುವನ್ನು ಎತ್ತಿಕೊಳ್ಳಲು ಇನ್ನೊಂದು ಜೊತೆ ಕೈ ಎನ್ನುವ ನಮ್ಮ ಪದ್ಧತಿಯ ತಿರುಳನ್ನು ಯಾವ ವೈದ್ಯನೂ ಆಕ್ಷೇಪಿಸಲಾರ. ಪಥ್ಯದ ಹೆಸರಿನಲ್ಲಿ ಬಾಣಂತಿಗೆ ನೀರನ್ನೂ ಸೊಪ್ಪು ತರಕಾರಿಗಳನ್ನೂ ಕಡಿಮೆ ಮಾಡುವುದು ಮಾತ್ರ ಸಲ್ಲದು. ಹಾಲೂಡಿಸುವವಳಿಗೆ ಬಾಯಾರಿಕೆ ಹೆಚ್ಚು. ಕೇಳಿದಷ್ಟು ನೀರು ಕೊಡಬೇಕು.

ಎಣ್ಣೆನೀರಿನ ವಿಷಯವನ್ನು ಕೊಂಚ ವಿಸ್ತರಿಸಬೇಕು. ಊರಿನ ಬಚ್ಚಲಲ್ಲಿ ಮಣೆಯ ಮೇಲೆ ಕುಳಿತು, ಕಾಲು ಚಾಚಿ, ಮಗುವನ್ನು ಕಾಲ ಮೇಲೆ ಮಲಗಿಸಿ ಹಂಡೆಯ ನೀರೆರೆದ ಕೈಗಳಿಗೆ ಇಲ್ಲಿಯ ಸ್ನಾನದ ಕೋಣೆ ಒಗ್ಗುವುದಿಲ್ಲ. ತೊಟ್ಟಿಯ ಹೊರಗಿನ ನೆಲಕ್ಕೆ ನೀರು ಹರಿದುಹೋಗುವ ದಾರಿಯೇ ಇಲ್ಲ. ಆದ್ದರಿಂದ ಅಜ್ಜಿ ಸ್ನಾನದ ತೊಟ್ಟಿಯೊಳಗೇ ತಗ್ಗಿನ ಸ್ಟೂಲು ಹಾಕಿಕೊಂಡು ಕೂರುತ್ತಾರೆ. ಎಣ್ಣೆಯ ಕೈಯಿಂದ ಮಗು ಜಾರುವ ಭಯಕ್ಕಿಂತ, ಎಪ್ಪತ್ತು ದಾಟಿದ ಅಜ್ಜಿ ಆ ತೊಟ್ಟಿಯಿಂದ ಏಳುವಾಗ ಜಾರುವ ಭಯ ನನಗೆ ಹೆಚ್ಚು. ಜಾರದ ಚಾಪೆಯೊಂದನ್ನು ಹಾಸಿ, ಮಗುವನ್ನು ಎತ್ತಿಕೊಳ್ಳಲು ಇನ್ನೊಬ್ಬರು ಪಕ್ಕದಲ್ಲೇ ನಿಂತಿರಬೇಕು. ನೀರು ಕಾಯಿಸುವ ಯಂತ್ರದ ಗುರುತನ್ನು 120 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಮೇಲಿಡಬಾರದು. ನಲ್ಲಿಯಿಂದ ನೇರವಾಗಿ ಮಗುವಿಗೆ ನೀರು ಬಿಡಲೂಬಾರದು. ಹೊಕ್ಕುಳಬಳ್ಳಿ ಬೀಳುವವರೆಗೆ ಒದ್ದೆಬಟ್ಟೆಯಲ್ಲಿ ಮೈ ಒರೆಸಿದರೆ ಸಾಕು. ಅದಕ್ಕೆ ಅರಿಶಿನವಾಗಲಿ ಬೂದಿಯಾಗಲಿ ಬೇಡ. ಉಳಿದಂತೆ, ಹಗುರವಾದ ಕೈಯಲ್ಲಿ ಕೊಬ್ಬರಿ ಎಣ್ಣೆ ಸವರುವುದಕ್ಕೆ ನನ್ನ ಪೂರ್ಣ ಸಮ್ಮತಿಯಿದೆ. ಮೂಗು ತೀಡಿ ನೇರ ಮಾಡುವುದಕ್ಕೆ, ಕಿವಿಗೆ ಎಣ್ಣೆ ಬಿಡುವುದಕ್ಕೆ ಇಲ್ಲ. ನೀರೆರೆದ ಮೇಲಿನ ಸಾಂಬ್ರಾಣಿ ಹೊಗೆಯನ್ನು ನಾನು ಬೇಡವೆನ್ನುವ ಮೊದಲೇ ಚಾವಣಿಯ ಹೊಗೆಗಂಟೆ ಬೇಡವೆಂದಿರುತ್ತದೆ. ಮಗುವಿನ ಶ್ವಾಸಕೋಶದ ಅಭಿಪ್ರಾಯವೂ ಅದೇ.

ತೇದು ನೆಕ್ಕಿಸುವ ಸಾಮಾನುಗಳ ಪೊಟ್ಟಣ ಅಜ್ಜಿಯ ಸೂಟ್‌ಕೇಸಿನಲ್ಲಿ ಬಂದೇ ಇರುತ್ತದೆ: ಬಜೆ, ಅಳಲೆಕಾಯಿ, ಮಾಚಿಕಾಯಿ, ಜಾಯಿಕಾಯಿ. "ನಾಲ್ಕು ಮಕ್ಕಳನ್ನು ಹೀಗೇ ಬೆಳೆಸಿದ್ದೇನಲ್ಲ ಡಾಕ್ಟ್ರೇ" ಎನ್ನುವವರಿಗೆ ನಾನು ಹೇಳುವುದಿಷ್ಟು: "ನಿಮ್ಮ ಕೈಗುಣ ದೊಡ್ಡದು ಅಮ್ಮಾ, ಬಜೆಯದಲ್ಲ." ಬಜೆಯಲ್ಲಿರುವ ಬೀಟಾ ಅಸಾರೋನ್ ಎಂಬ ರಾಸಾಯನಿಕ ಪ್ರಯೋಗದ ಪ್ರಾಣಿಗಳಲ್ಲಿ ಗೆಡ್ಡೆಗಳನ್ನುಂಟುಮಾಡಿದ ಕಾರಣ, ಅಮೆರಿಕ 1968ರಲ್ಲೇ ಬಜೆಯನ್ನು ಆಹಾರದಲ್ಲಿ ಬಳಸದಂತೆ ನಿಷೇಧಿಸಿತು. ಜಾಯಿಕಾಯಿಯಿಂದ ಮಗು ನಿದ್ರಿಸುವುದು ಮಂಪರಿನಿಂದಲೇ ಹೊರತು ನೆಮ್ಮದಿಯಿಂದಲ್ಲ. ಜೇನುತುಪ್ಪವನ್ನಂತೂ ವರ್ಷ ತುಂಬುವವರೆಗೆ ನಾಲಿಗೆಗೆ ಸೋಕಿಸಬಾರದು. ಅದರಲ್ಲಿರಬಹುದಾದ ಬಾಟುಲಿಸಂ ರೋಗಾಣುವಿನ ಬೀಜಕಗಳು ಎಳೆಗರುಳಿನಲ್ಲಿ ಮೊಳೆತು ವಿಷ ಸೃಷ್ಟಿಸುತ್ತವೆ. ಮಲಬದ್ಧತೆಯಿಂದ ಆರಂಭವಾಗಿ ಅಳುವಿನ ದನಿ ಕ್ಷೀಣಿಸಿ, ಉಸಿರಾಟದ ಸ್ನಾಯುಗಳೇ ಸೋಲಬಹುದು. ಅಂಗಡಿಯ ಕಾಡಿಗೆ, ಸುರ್ಮಾಗಳಲ್ಲಿ ಸೀಸ ಇರುವ ಸಂಭವವುಂಟು. ಆರು ತಿಂಗಳವರೆಗೆ ತಾಯಿಹಾಲು, ಅದಿಲ್ಲದಿದ್ದರೆ ಪುಡಿಹಾಲು, ಜೊತೆಗೆ ಎದೆಹಾಲು ಕುಡಿಯುವ ಮಗುವಿಗೆ ದಿನಕ್ಕೆ 400 ಐಯು ಡಿ ಜೀವಸತ್ವದ ಹನಿ. ಬೇರೆ ನೀರೂ ಬೇಡ.

ಜನ ಹೆಚ್ಚಿ ಕೋಣೆಗಳು ಸಾಲದೆ ಹೋದಾಗ ಮಗು ಅಜ್ಜಿಯ ಮಗ್ಗುಲಿಗೋ ಸೋಫಾದ ಮೇಲೆ ತೂಕಡಿಸುವ ತಾತನ ಎದೆಗೋ ಸೇರುತ್ತದೆ. ಇದು ನನಗೆ ಅತ್ಯಂತ ಆತಂಕದ ವಿಷಯ. ಮಕ್ಕಳನ್ನು ಅಂಗಾತ ಮಲಗಿಸಿರೆಂಬ ಆಂದೋಲನ ಅಮೆರಿಕದಲ್ಲಿ 1994ರಲ್ಲಿ ಆರಂಭವಾಯಿತು. ಆಮೇಲಿನ ವರ್ಷಗಳಲ್ಲಿ ನಿದ್ರೆಯಲ್ಲಿ ಕಾರಣವಿಲ್ಲದೆ ಸಾಯುವ ಶಿಶುಗಳ ಪ್ರಮಾಣ ಸುಮಾರು ಅರ್ಧಕ್ಕಿಳಿಯಿತು. ತಾಯಿಯ ಕೋಣೆಯಲ್ಲೇ, ಆದರೆ ಬೇರೆ ತೊಟ್ಟಿಲಲ್ಲಿ, ಸಮತಟ್ಟಾದ ಗಟ್ಟಿ ಹಾಸಿಗೆಯ ಮೇಲೆ, ಅಂಗಾತ: ಇದು ಹಗಲುನಿದ್ರೆಗೂ ಅನ್ವಯ. ತಲೆ ದುಂಡಗಾಗಲೆಂದು ಇಡುವ ಸಾಸಿವೆದಿಂಬು, ಪ್ರೀತಿಯಿಂದ ಹೊಲಿದ ಕೌದಿ ಆ ತೊಟ್ಟಿಲಲ್ಲಿರಬಾರದು. ಬಟ್ಟೆಯ ಜೋಲಿಯಲ್ಲಿ ಗದ್ದ ಎದೆಗೊತ್ತಿ ಉಸಿರು ಕಟ್ಟುವ ಅಪಾಯವಿದೆ. ಕೌದಿಯನ್ನು ಎಚ್ಚರವಿರುವ ಮಗುವಿನ ಕೆಳಗೆ ಹಾಸಿ, ಕಣ್ಣೆದುರಿನಲ್ಲಿ ಆಡಿಸಬಹುದು.

ಕೈಗಳು ಹೆಚ್ಚಾದಷ್ಟೂ ಸೋಂಕಿಗೆ ದಾರಿಗಳು ಹೆಚ್ಚು. ನಾಯಿಕೆಮ್ಮಿಗೆ ಮಗುವಿನ ಸ್ವಂತ ಲಸಿಕೆ ಎರಡನೆಯ ತಿಂಗಳಿಗೆ. ಅಲ್ಲಿಯವರೆಗೆ ಅದು ಇತರರ ರಕ್ಷಣೆಯಲ್ಲಿರುತ್ತದೆ. ಗರ್ಭಿಣಿಗೆ 27ರಿಂದ 36ನೆಯ ವಾರದೊಳಗೆ ಟಿಡ್ಯಾಪ್ ಲಸಿಕೆಯಾಗಬೇಕು. ಹಿಂದೆ ಪಡೆಯದ ಅಜ್ಜಅಜ್ಜಿಯರು ಮಗುವನ್ನು ಮುಟ್ಟುವುದಕ್ಕೆ ಎರಡು ವಾರ ಮುಂಚೆ, ಎಂದರೆ ಬೆಂಗಳೂರಿನಲ್ಲೇ, ಪಡೆದು ಬರುವುದು ಲೇಸು. ಫ್ಲೂ ಲಸಿಕೆಯೂ ಹಾಗೆಯೇ. ಹಿರಿಯರ ಕೆಮ್ಮು ಎರಡು ವಾರ ಮೀರಿದರೆ ಕ್ಷಯವಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ವಿಮೆಯಿಲ್ಲವೆಂದು ಮಗಳಿಂದ ಕೆಮ್ಮು ಮುಚ್ಚಿಡುವ ತಂದೆಯರನ್ನು ನಾನು ಕಂಡಿದ್ದೇನೆ. ಇನ್ನು, ಎರಡು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಜ್ವರವಿದ್ದರೆ ಅದು ತುರ್ತು ಸ್ಥಿತಿ. ಒದ್ದೆಬಟ್ಟೆ, ಜ್ವರದ ಹನಿ ಎಂದು ಬೆಳಗಿನವರೆಗೆ ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಆದರೂ ಒಂದು ಮಾತು: ಮೂರು ವಾರದ ಮಗುವೊಂದು ಮೊಲೆ ಹಿಡಿಯುತ್ತಿಲ್ಲ, ಮೈ ಸಡಿಲವಾಗಿದೆ ಎಂದು ಥರ್ಮಾಮೀಟರಿಗಿಂತ ಮೊದಲೇ ಕಂಡುಕೊಂಡವರು ಆ ಮನೆಯ ಅಜ್ಜಿ. ಮಗುವಿಗೆ ಮೂತ್ರದ ಸೋಂಕು ತಗುಲಿತ್ತು; ಸಕಾಲದ ಚಿಕಿತ್ಸೆಯಿಂದ ಗುಣವಾಯಿತು.

ತುಂಬಿದ ಮನೆಯಲ್ಲಿ ಎಲ್ಲರ ಕಣ್ಣೂ ಮಗುವಿನ ಮೇಲಿರುವುದರಿಂದ ತಾಯಿಯ ಸ್ಥಿತಿ ಮರೆಗೆ ಸರಿಯುತ್ತದೆ. ಹೆರಿಗೆಯಾಗಿ ವಾರಗಳ ಮೇಲೂ ರಕ್ತದೊತ್ತಡ ಏರಬಹುದು. ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಏದುಸಿರು ಇವನ್ನು ನಿದ್ದೆಗೆಟ್ಟದ್ದರ ಫಲವೆಂದು ತಳ್ಳಿಹಾಕಬಾರದು. ಮನಸ್ಸಿನ ಸಂಗತಿ ಇನ್ನೂ ಸೂಕ್ಷ್ಮ. ಬಾಣಂತಿಯರಲ್ಲಿ ಖಿನ್ನತೆಯ ತಪಾಸಣೆಯನ್ನು ಕಾನೂನಿನಿಂದ ಕಡ್ಡಾಯಗೊಳಿಸಿದ ಮೊದಲ ರಾಜ್ಯ ನ್ಯೂಜೆರ್ಸಿ, 2006ರಲ್ಲಿ. ಬಳಕೆಯಲ್ಲಿರುವ ಎಡಿನ್‌ಬರೋ ಪ್ರಶ್ನಾವಳಿಯಲ್ಲಿ ಇರುವುದು ಹತ್ತೇ ಪ್ರಶ್ನೆ. ಆದರೆ ಒಂದು ಪಕ್ಕದಲ್ಲಿ ಅತ್ತೆಯವರು, ಇನ್ನೊಂದು ಪಕ್ಕದಲ್ಲಿ ತಾಯಿ ಕುಳಿತಿರುವಾಗ, "ಸುಮ್ಮಸುಮ್ಮನೆ ಅಳು ಬರುತ್ತದೆಯೇ" ಎಂಬ ಪ್ರಶ್ನೆಗೆ ಯಾವ ಸೊಸೆ ಹೌದೆನ್ನುತ್ತಾಳೆ? "ಇಷ್ಟು ಜನ ಸೇವೆಗಿರುವಾಗ ನಿನಗೇನು ಕೊರತೆ" ಎಂಬ ಮಾತು ಆಕೆಯ ಬಾಯಿ ಕಟ್ಟಿಹಾಕುತ್ತದೆ. ಹಾಗಾಗಿ ನಾನು ಹಿರಿಯರಿಬ್ಬರ ಕೈಗೆ ಮಗುವನ್ನು ಕೊಟ್ಟು ಹೊರಗೆ ಕೂರಿಸಿ, ಬಾಗಿಲು ಮುಚ್ಚಿ ಆ ಹತ್ತು ಪ್ರಶ್ನೆಗಳನ್ನು ಕನ್ನಡದಲ್ಲೇ ಕೇಳುತ್ತೇನೆ. ಮನೆಯವರೂ ಆಕೆಗೆ ದಿನಕ್ಕೆ ಅರ್ಧ ಗಂಟೆಯಾದರೂ ಹಾಗೆ ಬಾಗಿಲು ಮುಚ್ಚಿಕೊಳ್ಳಲು ಬಿಡಬೇಕು. ರಾತ್ರಿ ಮೂರು ಗಂಟೆಗೆ ಯಾರೊಡನಾದರೂ ಮಾತಾಡಬೇಕೆನಿಸಿದರೆ 1-833-852-6262 ಎಂಬ ರಾಷ್ಟ್ರೀಯ ಸಹಾಯವಾಣಿ ಹಗಲಿರುಳೂ ತೆರೆದಿರುತ್ತದೆ. ಅದಕ್ಕೆ ಶುಲ್ಕವಿಲ್ಲ.