ಕಟ್ಟಡ ಒಮ್ಮೆ, ಶಾಲೆ ಪ್ರತಿದಿನ

ಅಂಚೆ ಕಚೇರಿಗೆ ಹೋದ ಕಾಲೇಜು ಹುಡುಗನ ಕಣ್ಣಿಗೆ ಒಂದು ಕರಪತ್ರ ಬೀಳುತ್ತದೆ: 15 ಲಕ್ಷ ಯೆನ್ ಇದ್ದರೆ ಕಾಂಬೋಡಿಯಾದಲ್ಲಿ ಶಾಲೆ ಕಟ್ಟಬಹುದು. ಗೆಳೆಯರನ್ನು ಸೇರಿಸಿಕೊಂಡು ಪಾರ್ಟಿ ಏರ್ಪಡಿಸಿ ಹಣ ಕೂಡಿಸಲು ಹೊರಡುತ್ತಾನೆ. 2011ರ ಜಪಾನಿ ಸಿನಿಮಾ ‘ವಿ ಕಾಂಟ್ ಚೇಂಜ್ ದಿ ವರ್ಲ್ಡ್’ ಕಥೆಯಿದು. ವೈದ್ಯಕೀಯ ವಿದ್ಯಾರ್ಥಿಯೊಬ್ಬ ಬರೆದ ಸ್ವಂತ ಅನುಭವವೇ ಇದಕ್ಕೆ ಆಧಾರ.

ನೋಡುವಾಗ ನನಗೆ ನೆನಪಾದದ್ದು ನಮ್ಮ ಮೈಸೂರು. 1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನಲ್ಲಿ ಓದುತ್ತಿದ್ದ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಆರಂಭಿಸಿದರು. ಓದು ಮುಗಿಸಿ ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಗಳಿಗೆ ಹೋದರು. ಹೋದದ್ದು ಚಿಕಿತ್ಸೆ ಕೊಡಲು. ಆದರೆ ಅಲ್ಲಿನ ಆದಿವಾಸಿ ಮಕ್ಕಳಿಗೆ ಔಷಧಿಯಷ್ಟೇ ಅಕ್ಷರವೂ ಬೇಕಿತ್ತು. ದನದ ಕೊಟ್ಟಿಗೆಯಲ್ಲಿ ಪಾಠ ಶುರುವಾಯಿತು. ಅದೇ ಮುಂದೆ ಹೊಸಹಳ್ಳಿಯ ಆದಿವಾಸಿ ಶಾಲೆಯಾಗಿ ಬೆಳೆಯಿತು.

ಕಟ್ಟಡಕ್ಕೆ ದುಡ್ಡು ಒಮ್ಮೆ ಕೊಟ್ಟರೆ ಆಯಿತು. ಮೇಷ್ಟ್ರ ಸಂಬಳ, ಪುಸ್ತಕ, ಊಟ ಪ್ರತಿ ತಿಂಗಳ ಲೆಕ್ಕ. ಕೊಟ್ಟಿಗೆಯಲ್ಲಿ ಶುರುವಾದದ್ದು ಉಳಿಯಿತೆಂದರೆ, ಆರಂಭಿಸಿದವರು ಅಲ್ಲೇ ಉಳಿದದ್ದರಿಂದ.

ಪ್ಲೇಸ್‌ಮೆಂಟ್ ಹತ್ತಿರ ಬಂದಂತೆ ನಮಗೆಲ್ಲ ರೆಸ್ಯೂಮೆಯ ಚಿಂತೆ. ಅದರಲ್ಲಿ ‘ಸ್ವಯಂಸೇವೆ’ ಎಂದು ಬರೆಯಲು ಒಂದು ಭಾನುವಾರ, ನಾಲ್ಕು ಫೋಟೊ ಸಾಕು. ಮಗುವಿಗೆ ಭಾಗಾಕಾರ ಕಲಿಸಲು ಸಾಲದು.

ಹಾಗಾಗಿ ನಾವು ನಾಲ್ವರು ಗೆಳೆಯರು ಚಂದಾ ಎತ್ತುವ ಯೋಚನೆ ಬಿಟ್ಟು, ಶನಿವಾರ ಮಧ್ಯಾಹ್ನ ಬಡಾವಣೆಯ ಆರು ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದೇವೆ. ನಿಯಮ ಒಂದೇ: ಇಂಟರ್ನಲ್ಸ್ ಇದ್ದರೂ ಒಬ್ಬರಾದರೂ ಹೋಗಲೇಬೇಕು. ಜೇಬಲ್ಲಿ ಬಸ್ ಪಾಸ್ ಬಿಟ್ಟು ಬೇರೇನಿಲ್ಲದವರೂ ಇಷ್ಟನ್ನು ಕೊಡಬಹುದು.