ನಿಮಗಿದು ಗೊತ್ತೆ? ಸಕ್ಕರೆ ಹಿಡಿಯುವ ಶೇಂಗಾ
ಆಲಮೇಲದ ಅಡುಗೆಮನೆಗಳಲ್ಲಿ ಹಿಂಡಿಯಾಗುವ ಶೇಂಗಾಕಾಳಿನಲ್ಲಿ ‘ಲೆಕ್ಟಿನ್’ ಎಂಬ ಬಗೆಯ ಪ್ರೋಟೀನ್ ಇದೆ. ಬೇರೆ ಪ್ರೋಟೀನುಗಳಿಗೆ ಅಂಟಿಕೊಂಡ ಸಕ್ಕರೆಯ ಸರಗಳನ್ನು ಆರಿಸಿ ಹಿಡಿಯುವುದು ಅದರ ಗುಣ. ಇದರ ರಚನೆಯನ್ನು 1994ರಲ್ಲಿ ಬಿಡಿಸಿ ತೋರಿಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ವಿಜಯನ್ ತಂಡ. ನಿಜಕ್ಕೂ ಹೆಮ್ಮೆಪಡಬೇಕಾದ ಕೆಲಸ!

ಪ್ರಾಣಿಗಳ ಅಂಗಾಂಶದಲ್ಲಿ ಸಕ್ಕರೆ ಹೊತ್ತ ಪ್ರೋಟೀನುಗಳನ್ನು ಹುಡುಕಲು ಇಂಥ ಲೆಕ್ಟಿನ್‌ಗಳೇ ನೆರವಾಗುತ್ತವೆ. ಅವು ಹಿಡಿದ ಪ್ರೋಟೀನ್ ತುಣುಕುಗಳಿಂದ ಕಿಣ್ವವೊಂದು ಸಕ್ಕರೆಯನ್ನು ಕತ್ತರಿಸುತ್ತದೆ. ಭಾರವಾದ ಆಮ್ಲಜನಕವಿರುವ ನೀರಿನಲ್ಲಿ ಹೀಗೆ ಮಾಡಿದರೆ, ಸಕ್ಕರೆ ಕೂತಿದ್ದ ಜಾಗದ ತೂಕ ಮೂರು ಹೈಡ್ರೋಜನ್ ಪರಮಾಣುಗಳಷ್ಟು ಏರುತ್ತದೆ. ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್ ಅಷ್ಟು ಚಿಕ್ಕ ವ್ಯತ್ಯಾಸವನ್ನೂ ಪತ್ತೆಹಚ್ಚುತ್ತದೆ. 2010ರಲ್ಲಿ ಜರ್ಮನಿಯ ಮಥಿಯಾಸ್ ಮಾನ್ ತಂಡ ಇಲಿಯ ನಾಲ್ಕು ಅಂಗಾಂಶ ಮತ್ತು ರಕ್ತದ ಪ್ಲಾಸ್ಮಾದಲ್ಲಿ ಇಂಥ 6,367 ಜಾಗಗಳನ್ನು ಗುರುತಿಸಿತು.