ಸರದಿಯ ಆಯ್ಕೆಯೂ ಕಾಲದ ತೀರ್ಪೂ

2023ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಹುಬ್ಬಳ್ಳಿ ಟೈಗರ್ಸ್ ತಂಡವು ಅಂತಿಮ ಪಂದ್ಯದಲ್ಲಿ ಮೈಸೂರು ವಾರಿಯರ್ಸ್ ತಂಡವನ್ನು 8 ರನ್ನುಗಳಿಂದ ಸೋಲಿಸಿ ಮಹಾರಾಜ ಟ್ರೋಫಿಯನ್ನು ಗೆದ್ದುಕೊಂಡಿತು. ಆ ತಂಡದ ನಾಯಕ ಮನೀಷ್ ಪಾಂಡೆ. ಹದಿನೈದು ವರ್ಷಗಳ ಹಿಂದೆ, ಹತ್ತೊಂಬತ್ತರ ಆಸುಪಾಸಿನ ತರುಣರ ಒಂದು ಗುಂಪಿನಲ್ಲಿ ಇವರೂ ಒಬ್ಬರಾಗಿದ್ದರು. ಆ ಗುಂಪನ್ನು ಕ್ರಿಕೆಟ್ ತಂಡಗಳು ಸರದಿಯಂತೆ ಹಂಚಿಕೊಂಡವು. ಆ ಹಂಚಿಕೆ ಎಷ್ಟರಮಟ್ಟಿಗೆ ಸರಿಯಾಯಿತು? ತಪ್ಪಿದ್ದರೆ ಏಕೆ ತಪ್ಪಿತು? ಇದನ್ನು ನಾವು ಇಲ್ಲಿ ವಿವೇಚಿಸೋಣ. ಪ್ರಶ್ನೆಯು ಆಟಕ್ಕೆ ಸೇರಿದ್ದಾದರೂ ಉತ್ತರವು ಗಣಿತಕ್ಕೆ ಸೇರಿದ್ದು.

ಸರದಿಯಂತೆ ಆಟಗಾರರನ್ನು ಆರಿಸುವ ಈ ಕ್ರಮಕ್ಕೆ 'ಡ್ರಾಫ್ಟ್' ಎಂದು ಹೆಸರು. ಅಮೆರಿಕದ ಬಾಸ್ಕೆಟ್‌ಬಾಲ್ ಆಟದಲ್ಲಿ ಇದು ಬಹುಕಾಲದಿಂದ ರೂಢಿಯಲ್ಲಿದೆ. ದುರ್ಬಲ ತಂಡಗಳಿಗೆ ಮುಂಚಿನ ಸರದಿ ದೊರೆತರೆ ಕಾಲಕ್ರಮದಲ್ಲಿ ಎಲ್ಲ ತಂಡಗಳೂ ಸಮಬಲವಾದಾವೆಂಬುದು ಇದರ ಉದ್ದೇಶ. 1984ರ ಬಾಸ್ಕೆಟ್‌ಬಾಲ್ ಡ್ರಾಫ್ಟ್ ಲೋಕಪ್ರಸಿದ್ಧವಾದುದು. ಮೊದಲ ಸರದಿಯ ಹ್ಯೂಸ್ಟನ್ ತಂಡವು ಹಕೀಮ್ ಒಲಾಜುವಾನ್‌ನನ್ನೂ, ಎರಡನೆಯ ಸರದಿಯ ಪೋರ್ಟ್‌ಲೆಂಡ್ ತಂಡವು ಸ್ಯಾಮ್ ಬೋವಿಯನ್ನೂ ಆರಿಸಿದವು. ಮೂರನೆಯ ಸರದಿಯ ಶಿಕಾಗೊ ತಂಡಕ್ಕೆ ಮೈಕೇಲ್ ಜೋರ್ಡನ್ ದೊರೆತನು. ಬೋವಿಯನ್ನು ಕಾಲಿನ ಗಾಯಗಳು ಮತ್ತೆ ಮತ್ತೆ ಕಾಡಿದವು. ಜೋರ್ಡನ್ ಆರು ಸಲ ಶಿಕಾಗೊವನ್ನು ಚಾಂಪಿಯನ್ ಪಟ್ಟಕ್ಕೇರಿಸಿದನು.

ಇದನ್ನು ಕೇಳಿದವರು ಪೋರ್ಟ್‌ಲೆಂಡಿನವರನ್ನು ಮೂರ್ಖರೆಂದು ನಗುವುದುಂಟು. ಆದರೆ ಜೋರ್ಡನ್ ಆಡುವ ಸ್ಥಾನಕ್ಕೆ ಕ್ಲೈಡ್ ಡ್ರೆಕ್ಸ್ಲರ್ ಎಂಬ ಸಮರ್ಥ ಆಟಗಾರನನ್ನು ಅವರು ಹಿಂದಿನ ವರ್ಷವೇ ಆರಿಸಿಕೊಂಡಿದ್ದರು. ಅವರಿಗೆ ಬೇಕಾಗಿದ್ದವನು ಬುಟ್ಟಿಯ ಬಳಿ ನಿಲ್ಲುವ ಎತ್ತರದ ಆಟಗಾರ. ಅಂದಿನ ಅಗತ್ಯವನ್ನು ಅವರು ಸರಿಯಾಗಿಯೇ ಅಳೆದಿದ್ದರು. ಮುಂದಿನ ಹದಿನೈದು ವರ್ಷಗಳನ್ನು ಅಳೆಯಬಲ್ಲ ಅಳತೆಗೋಲು ಮಾತ್ರ ಅವರ ಬಳಿ ಇರಲಿಲ್ಲ.

ಇದೇ ಕಥೆ ನಮ್ಮ ದೇಶದಲ್ಲಿಯೂ ನಡೆಯಿತು. 2008ರ ಮಾರ್ಚ್ 2ರಂದು ಕ್ವಾಲಾಲಂಪುರದಲ್ಲಿ ಭಾರತದ ತರುಣರು ದಕ್ಷಿಣ ಆಫ್ರಿಕವನ್ನು ಸೋಲಿಸಿ 19 ವರ್ಷದೊಳಗಿನವರ ವಿಶ್ವಕಪ್ಪನ್ನು ಗೆದ್ದರು. ಕೆಲವೇ ದಿನಗಳಲ್ಲಿ, ಆಗಷ್ಟೇ ಆರಂಭವಾಗಲಿದ್ದ ಇಂಡಿಯನ್ ಪ್ರೀಮಿಯರ್ ಲೀಗಿನ ತಂಡಗಳು ಈ ತರುಣರನ್ನು ಸರದಿಯಂತೆ ಆರಿಸಿಕೊಂಡವು. ಮೊದಲ ಸರದಿ ದಿಲ್ಲಿ ತಂಡದ್ದು. ಗೆದ್ದ ತಂಡದ ನಾಯಕ ವಿರಾಟ್ ಕೊಹ್ಲಿ ದಿಲ್ಲಿಯವರೇ. ಆದರೂ ಅವರು ಆರಿಸಿದ್ದು ಎಡಗೈ ವೇಗದ ಬೌಲರ್ ಪ್ರದೀಪ್ ಸಾಂಗ್ವಾನ್ ಅವರನ್ನು. ಸೆಹವಾಗ್, ಗಂಭೀರ್, ಧವನ್, ಡಿ ವಿಲಿಯರ್ಸ್ ಮುಂತಾದ ಬ್ಯಾಟುಗಾರರಿದ್ದ ತಂಡಕ್ಕೆ ಇನ್ನೊಬ್ಬ ಬ್ಯಾಟುಗಾರನಿಗಿಂತ ಬೌಲರನೇ ಮೇಲೆಂದು ತೋರಿದ್ದು ಅಸಹಜವೇನಲ್ಲ. ಕೊಹ್ಲಿ ಬೆಂಗಳೂರಿನ ಪಾಲಾದರು. ಬಂಗಾಳದ ವಿಕೆಟ್ ಕೀಪರ್ ಶ್ರೀವತ್ಸ ಗೋಸ್ವಾಮಿಯವರನ್ನೂ ಬೆಂಗಳೂರು ಸೇರಿಸಿಕೊಂಡಿತು. ರವೀಂದ್ರ ಜಡೇಜ ರಾಜಸ್ಥಾನಕ್ಕೆ, ಮನೀಷ್ ಪಾಂಡೆ ಮುಂಬಯಿಗೆ ಹೋದರು.

ಇನ್ನು ಫಲವನ್ನು ನೋಡೋಣ. ಮೊದಲ ವರ್ಷ ಕೊಹ್ಲಿ 13 ಪಂದ್ಯಗಳಲ್ಲಿ ಗಳಿಸಿದ್ದು ಕೇವಲ 165 ರನ್ನು. ಆ ವರ್ಷ ಲೀಗಿನ ಅತ್ಯುತ್ತಮ ತರುಣ ಆಟಗಾರನೆಂಬ ಪ್ರಶಸ್ತಿ ದೊರೆತದ್ದು ಗೋಸ್ವಾಮಿಯವರಿಗೆ. ಅಂದೇ ಲೆಕ್ಕ ಮುಗಿಸಿದ್ದರೆ ಬೆಂಗಳೂರಿನ ಉತ್ತಮ ಆಯ್ಕೆ ಯಾವುದೆಂಬುದರಲ್ಲಿ ಸಂದೇಹವೇ ಇರುತ್ತಿರಲಿಲ್ಲ! ಆದರೆ 2016ರಲ್ಲಿ ಕೊಹ್ಲಿ ಒಂದೇ ಋತುವಿನಲ್ಲಿ 973 ರನ್ನು ಗಳಿಸಿದರು. 2025ರ ಜೂನ್ 3ರಂದು, ಹದಿನೆಂಟನೆಯ ಋತುವಿನಲ್ಲಿ, ಅದೇ ತಂಡದೊಡನೆ ಮೊದಲ ಬಾರಿ ಲೀಗನ್ನು ಗೆದ್ದರು. ಗೋಸ್ವಾಮಿಯವರಿಗಾಗಲಿ ಸಾಂಗ್ವಾನರಿಗಾಗಲಿ ಭಾರತದ ಹಿರಿಯ ತಂಡದಲ್ಲಿ ಆಡುವ ಅವಕಾಶ ಬರಲಿಲ್ಲ. ಮನೀಷ್ ಪಾಂಡೆ ಮರುವರ್ಷ ಬೆಂಗಳೂರಿಗೆ ಬಂದು, 2009ರ ಮೇ 21ರಂದು ಅಜೇಯ 114 ರನ್ನು ಗಳಿಸಿ, ಆ ಲೀಗಿನಲ್ಲಿ ಶತಕ ಹೊಡೆದ ಮೊದಲ ಭಾರತೀಯರೆನಿಸಿದರು. ವಿಶ್ವಕಪ್ಪಿಗೆ ಹೋಗಿದ್ದ 15 ಮಂದಿಯಲ್ಲಿ ಹಿರಿಯ ತಂಡವನ್ನು ಮುಟ್ಟಿದವರು ಕೆಲವರೇ. ಟೆಸ್ಟ್ ಆಡಿದವರು ಇನ್ನೂ ಕಡಿಮೆ.

ಇಲ್ಲಿ ಇನ್ನೊಂದು ಅಂಶವು ಗಮನಿಸತಕ್ಕುದಾಗಿದೆ. ಆ ವಿಶ್ವಕಪ್ಪಿನಲ್ಲಿ ಅತಿ ಹೆಚ್ಚು ರನ್ನು ಗಳಿಸಿದವರು ಕೊಹ್ಲಿಯಲ್ಲ, 262 ರನ್ನು ಹೊಡೆದ ತನ್ಮಯ್ ಶ್ರೀವಾಸ್ತವ. ಕೊಹ್ಲಿ ಗಳಿಸಿದ್ದು 235. ಇಬ್ಬರ ನಡುವಣ ಅಂತರ 27 ರನ್ನು. ಒಂದು ಕ್ಯಾಚು ಕೈಜಾರಿದರೆ, ಒಂದು ಚೆಂಡು ಅಂಗುಲದಷ್ಟು ಹೊರಳಿದರೆ ಇಷ್ಟು ವ್ಯತ್ಯಾಸವಾಗುತ್ತದೆ. ಅಂದರೆ ಕಣ್ಣಿಗೆ ಕಾಣುವ ಅಂಕಿಯಲ್ಲಿ ಎರಡು ಪಾಲುಗಳಿವೆ: ಒಂದು ಆಟಗಾರನ ನಿಜವಾದ ಸಾಮರ್ಥ್ಯ, ಇನ್ನೊಂದು ಆ ದಿನದ ಆಕಸ್ಮಿಕ. ಪಂದ್ಯಗಳು ನೂರಾರಾದಾಗ ಆಕಸ್ಮಿಕಗಳು ಹೆಚ್ಚು-ಕಡಿಮೆಯಾಗಿ ಒಂದನ್ನೊಂದು ಅಳಿಸಿಹಾಕುತ್ತವೆ. ನಾಲ್ಕಾರು ಪಂದ್ಯಗಳಲ್ಲಾದರೋ ಅವು ಸಾಮರ್ಥ್ಯವನ್ನೇ ಮರೆಮಾಡಬಲ್ಲವು.

ಶಾಲೆಯ ಪರೀಕ್ಷೆಯಲ್ಲಿಯೂ ಹೀಗೆಯೇ. ಮೊದಲ ಪರೀಕ್ಷೆಯಲ್ಲಿ ಅತಿ ಹೆಚ್ಚು ಅಂಕ ಪಡೆದ ಹತ್ತು ಮಂದಿಯನ್ನು ಗುರುತಿಟ್ಟುಕೊಳ್ಳಿರಿ. ಎರಡನೆಯ ಪರೀಕ್ಷೆಯಲ್ಲಿ ಅವರ ಸರಾಸರಿ ತುಸು ತಗ್ಗಿರುವ ಸಂಭವವೇ ಹೆಚ್ಚು. ಅವರು ಸೋಮಾರಿಗಳಾದರೆಂದಲ್ಲ, ಓದಿದ ಪ್ರಶ್ನೆಗಳೇ ಬಂದ ಅದೃಷ್ಟವು ಮೊದಲ ಸಲ ಅವರಲ್ಲಿ ಕೆಲವರನ್ನು ಮೇಲೆತ್ತಿತ್ತು. ಇದನ್ನು 'ಸರಾಸರಿಯತ್ತ ಮರಳುವಿಕೆ' ಎನ್ನುವರು. ತಂದೆತಾಯಿಗಳ ಮತ್ತು ಮಕ್ಕಳ ಎತ್ತರವನ್ನು ಅಳೆದು ನೋಡಿ 1886ರಲ್ಲಿ ಇದನ್ನು ವಿವರಿಸಿದವನು ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್.

ಇದರ ಮೇಲೆ, ಹದಿನೆಂಟರ ಹರೆಯದಲ್ಲಿ ಸಾಮರ್ಥ್ಯವೂ ನಿಂತ ನೀರಲ್ಲ. ಕೆಲವರು ಬೇಗ ಬೆಳೆದು ನಿಲ್ಲುತ್ತಾರೆ, ಕೆಲವರು ತಡವಾಗಿ ಬೆಳೆಯುತ್ತಾರೆ. ಗಾಯ, ಗುರು, ಅವಕಾಶ, ಅಭ್ಯಾಸ ಇವೆಲ್ಲವೂ ದಾರಿಯನ್ನು ತಿರುಗಿಸುತ್ತವೆ. ಆದುದರಿಂದ ಒಂದು ಆಯ್ಕೆಯನ್ನು ಅದರ ಫಲದಿಂದ ಮಾತ್ರವೇ ಅಳೆಯುವುದು ಸಲ್ಲದು. ಅಂದು ದೊರಕಿದ್ದ ತಿಳಿವಳಿಕೆಯಿಂದಲೂ ಅಳೆಯಬೇಕು.

ಹಾಗಾದರೆ ಮುಂದೆ ಬಾರದವರು ಸೋತವರೇ? ಹಾಗೆನ್ನಲಾಗದು. ಅಂದು ಎಲ್ಲರಿಗಿಂತ ಹೆಚ್ಚು ರನ್ನು ಹೊಡೆದ ತನ್ಮಯ್ ಶ್ರೀವಾಸ್ತವರು 2025ರಲ್ಲಿ ಅದೇ ಲೀಗಿನ ಪಂದ್ಯಗಳಿಗೆ ಅಂಪೈರರಾಗಿ ಮೈದಾನಕ್ಕಿಳಿದರು. ಅಂದು ಬರೆದ ಸರದಿಯ ಪಟ್ಟಿಯಲ್ಲಿ ಈ ಸಾಲು ಇರಲಿಲ್ಲ. ಮನೀಷ್ ಪಾಂಡೆ ಒಂದು ದಿನ ಹುಬ್ಬಳ್ಳಿಯ ಹೆಸರಿನ ತಂಡವನ್ನು ಗೆಲ್ಲಿಸುವರೆಂಬ ಸಾಲೂ ಇರಲಿಲ್ಲ. ಈ ವರ್ಷ ಪರೀಕ್ಷೆಗೆ ಕುಳಿತು ತಮ್ಮ ಸ್ಥಾನವನ್ನು ಎದುರುನೋಡುತ್ತಿರುವ ನಮ್ಮ ಓದುಗರು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು. ಪಟ್ಟಿಯು ಅಂದಿನ ಅಳತೆ. ಅದು ಸುಳ್ಳಲ್ಲ, ಆದರೆ ಪೂರ್ಣವೂ ಅಲ್ಲ.